ಮನೆಪಟ್ಟಿಗೆ ಆಕ್ಷೇಪಣೆ: ಮೊದಲು ನಮ್ಮ ಫಾರ್ಮ್ ನಾವು ಓದೋಣ



ಕಳೆದ ತಿಂಗಳ ಒಂದು ರವಿವಾರ ಸಂಜೆ ಖಾಸಬಾಗದ ಬಸವೇಶ್ವರ ವೃತ್ತದ ಸಂತೆ ಮುಗಿಸಿ, ಕಾಯಿಪಲ್ಲೆಯ ಚೀಲ ಹಿಡಿದು ಮನೆಗೆ ಬರುತ್ತಿದ್ದೆ. ನಮ್ಮ ಓಣಿಯ ತುದಿಯಲ್ಲಿ ಹತ್ತು ಹನ್ನೆರಡು ಜನ ಕೂಡಿ ನಿಂತಿದ್ದರು. ಒಬ್ಬ ತರುಣನ ಕೈಯಲ್ಲಿ ಮಹಾನಗರ ಪಾಲಿಕೆಗೆ ಕೊಡಬೇಕಾದ ಮನವಿ ಪತ್ರವಿತ್ತು. ಮನೆಪಟ್ಟಿ ಏರಿಕೆ ಕೂಡಲೇ ರದ್ದಾಗಬೇಕು ಎಂಬ ಒಂದೇ ಸಾಲು, ಕೆಳಗೆ ಸಹಿಗೆ ಗೆರೆಗಳು. "ಸಾಹೇಬರ, ಸರಕಾರಿ ಎಂಜಿನಿಯರ್ ಇದ್ದವರು ನೀವು, ಮೊದಲನೇ ಸಹಿ ನಿಮ್ದ ಇರಲಿ" ಎಂದ. "ಎಷ್ಟು ಏರತೈತಿ?" ಎಂದು ಕೇಳಿದೆ. ಒಬ್ಬರು ಡಬಲ್ ಆಗುತ್ತದೆ ಎಂದರು. ಇನ್ನೊಬ್ಬರು ಮೂವತ್ತು ಪರ್ಸೆಂಟ್ ಎಂದರು. ಮೂರನೆಯವರು ಐದು ಎಂದರು. ಏರುವುದು ಎಷ್ಟೆಂದು ತಿಳಿಯದೆ ರದ್ದು ಮಾಡಿ ಎಂದು ಹೇಗೆ ಬರೆಯುವುದು? ಕಾಗದವನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಎಂಟು ದಿನ ಬಿಟ್ಟು ಸರಿಯಾಗಿ ಬರೆದು ಕೊಡುತ್ತೇನೆ ಎಂದು ಹೇಳಿದೆ.

ಆ ಎಂಟು ದಿನಗಳಲ್ಲಿ ನಾನು ಓದಿದ್ದು, ಲೆಕ್ಕ ಹಾಕಿದ್ದು, ನಾಚಿಕೆಪಟ್ಟದ್ದು ಈ ಸಂಚಿಕೆಯ ಸಂಪಾದಕೀಯ.

ಮೊದಲು ಲೆಕ್ಕ. ನಮ್ಮಲ್ಲಿ ಮನೆಪಟ್ಟಿ, ಘರಪಟ್ಟಿ ಎಂದು ಕರೆಯುವ ಆಸ್ತಿ ತೆರಿಗೆಗೆ ಆಧಾರ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ. ಈ ಶತಮಾನದ ಆರಂಭದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂತು. ಮನೆಯ ಅಳತೆ, ಬಳಕೆ, ಕಟ್ಟಿದ ವರ್ಷ ಎಲ್ಲವನ್ನೂ ಮಾಲೀಕನೇ ಬರೆದು, ಲೆಕ್ಕ ಹಾಕಿ, ತುಂಬಬೇಕು. 2005-06ರ ಮಾರ್ಗಸೂಚಿ ಬೆಲೆಯನ್ನು ಬುನಾದಿ ಮಾಡಿಕೊಂಡು, ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ. 15ರಷ್ಟು ಏರಿಸುತ್ತ ಬರಲಾಯಿತು. ಕೊರೋನಾ ಕಾಲದಲ್ಲಿ ಈ ಪದ್ಧತಿ ಬದಲಾಯಿತು. ರಾಜ್ಯಗಳಿಗೆ ಹೆಚ್ಚಿನ ಸಾಲ ಎತ್ತಲು ಅನುಮತಿ ಕೊಡುವಾಗ ಕೇಂದ್ರ ಸರಕಾರ ಹಾಕಿದ ಷರತ್ತುಗಳಲ್ಲಿ ಆಸ್ತಿ ತೆರಿಗೆಯನ್ನು ಸದ್ಯದ ಮಾರ್ಗಸೂಚಿ ಬೆಲೆಗೆ ಹೊಂದಿಸಬೇಕು ಎಂಬುದೂ ಒಂದು. ಅದರಂತೆ ಕಾನೂನು ತಿದ್ದುಪಡಿಯಾಗಿ, 2021-22ರಿಂದ ಚಾಲ್ತಿ ಮಾರ್ಗಸೂಚಿ ಬೆಲೆಯ ಶೇ. 25ರ ಮೇಲೆ ತೆರಿಗೆ ನಿಗದಿಯಾಯಿತು. ವಾಸದ ಮನೆಗೆ ಶೇ. 0.2ರಿಂದ 1.5, ವಾಣಿಜ್ಯ ಕಟ್ಟಡಕ್ಕೆ 0.5ರಿಂದ 3, ಖಾಲಿ ನಿವೇಶನಕ್ಕೆ 0.2ರಿಂದ 0.5. ಈ ಅಂತರದೊಳಗೆ ಎಷ್ಟು ಎಂಬುದು ಸ್ಥಳೀಯ ಸಂಸ್ಥೆಯ ತೀರ್ಮಾನ. ಅಲ್ಲಿಂದ ಮುಂದೆ ಪ್ರತಿ ವರ್ಷ ಶೇ. 3ರಿಂದ 5ರಷ್ಟು ಏರಿಕೆ.

ಓಣಿಯಲ್ಲಿ ಗದ್ದಲವೆಲ್ಲ ಈ ಮೂರು, ಐದರ ಬಗ್ಗೆ. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಮೂರು ವರ್ಷಕ್ಕೊಮ್ಮೆ ಶೇ. 15 ಎಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇ. 4.8. ಅಂದರೆ ಈಗಿನ ಶೇ. 3 ಹಳೆಯದಕ್ಕಿಂತ ಕಡಿಮೆ, ಶೇ. 5 ತುಸು ಹೆಚ್ಚು, ಅಷ್ಟೇ. ಒಂದು ಮನೆಯ ಮೂಲ ತೆರಿಗೆ 3,250 ರೂಪಾಯಿ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಕೂಡಿಸಿ ಶೇ. 24, ಅಂದರೆ 780 ರೂಪಾಯಿ. ಒಟ್ಟು 4,030. ಶೇ. 3 ಏರಿದರೆ ಈ ಮನೆಗೆ ವರ್ಷಕ್ಕೆ ಹೆಚ್ಚುವುದು ಸುಮಾರು 121 ರೂಪಾಯಿ. ಶೇ. 5 ಏರಿದರೆ 202. ಎರಡರ ನಡುವಿನ ವ್ಯತ್ಯಾಸ 81 ರೂಪಾಯಿ. ಇದು ಮೊದಲ ವರ್ಷದ ಮಾತು. ಹತ್ತು ವರ್ಷ ಬಿಟ್ಟು ನೋಡಿದರೆ ಮೂಲ ತೆರಿಗೆ ಒಂದು ದಾರಿಯಲ್ಲಿ 4,368, ಇನ್ನೊಂದು ದಾರಿಯಲ್ಲಿ 5,294. ಆಗ ಅಂತರ ಕಣ್ಣಿಗೆ ಕಾಣುತ್ತದೆ. ಆದರೂ ಮನೆ ಮಾರುವಷ್ಟು ಏನೂ ಅಲ್ಲ.

ಹಾಗಾದರೆ 2021ರಲ್ಲಿ ಪಾವತಿ ನೋಡಿ ಜನ ಹೌಹಾರಿದ್ದೇಕೆ? ಏಕೆಂದರೆ ಆಗ ಬದಲಾದದ್ದು ಬುನಾದಿ. ಹದಿನೈದು ವರ್ಷ ಹಿಂದಿನ ಬೆಲೆಯ ಜಾಗದಲ್ಲಿ ಇಂದಿನ ಬೆಲೆ ಬಂದು ಕೂತಿತು. ಮುಂದೆಯೂ ಮಾರ್ಗಸೂಚಿ ಬೆಲೆ ಏರಿದಾಗೆಲ್ಲ ಬುನಾದಿಯ ಪ್ರಶ್ನೆ ಏಳುತ್ತದೆ. 2023ರ ಅಕ್ಟೋಬರ್ 1ರಿಂದ ಸರಕಾರ ರಾಜ್ಯದಾದ್ಯಂತ ಈ ಬೆಲೆಯನ್ನು ಸರಾಸರಿ ಶೇ. 25ರಿಂದ 30ರಷ್ಟು ಏರಿಸಿತು. ಖರೀದಿ ಮಾಡುವವರು ಮುದ್ರಾಂಕ ಶುಲ್ಕದ ಚಿಂತೆಯಲ್ಲಿ ಅದನ್ನು ಗಮನಿಸಿದರು. ಮನೆ ಕಟ್ಟಿಕೊಂಡು ಸುಮ್ಮನೆ ಕೂತ ನಮ್ಮಂಥವರು ಗಮನಿಸಲಿಲ್ಲ. ಮಾರ್ಗಸೂಚಿ ಬೆಲೆಯ ಕರಡು ಪ್ರಕಟವಾದಾಗ ಅದಕ್ಕೂ ಆಕ್ಷೇಪಣೆ ಸಲ್ಲಿಸಲು ದಿನಗಳನ್ನು ಕೊಡುತ್ತಾರೆ. ಆ ದಿನಗಳಲ್ಲಿ ಉಪನೋಂದಣಾಧಿಕಾರಿ ಕಚೇರಿಗೆ ನಮ್ಮ ಓಣಿಯಿಂದ ಒಂದು ಕಾಗದವೂ ಹೋಗಲಿಲ್ಲ. ನಾನೂ ಬರೆಯಲಿಲ್ಲ.

ಇನ್ನೊಂದು ಸಂಗತಿ. ಬುನಾದಿ ಬದಲಾದ 2021ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ. ಹಿಂದಿನ ಪರಿಷತ್ತಿನ ಅವಧಿ 2019ರಲ್ಲೇ ಮುಗಿದಿತ್ತು. 58 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಗೆದ್ದವರು ಮಹಾಪೌರರನ್ನು ಆರಿಸಲು 2023ರ ಫೆಬ್ರುವರಿ 6ರ ತನಕ ಕಾಯಬೇಕಾಯಿತು. ಇಷ್ಟು ದೊಡ್ಡ ಬದಲಾವಣೆ ಆದಾಗ ನಮ್ಮ ಪರವಾಗಿ ಕೈ ಎತ್ತುವವರೂ ಇರಲಿಲ್ಲ, ಬೇಡ ಎನ್ನುವವರೂ ಇರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂತು. ನಗರ ಸ್ಥಳೀಯ ಸಂಸ್ಥೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಅದು ಹೇಳುತ್ತದೆ. ಅದಕ್ಕಾಗಿ ಬೀದಿಗೆ ಇಳಿದವರು ಎಷ್ಟು ಜನ? ಆಗ ಇಳಿಯದವರು ಈಗ 121 ರೂಪಾಯಿಗೆ ಇಳಿಯುತ್ತಿದ್ದೇವೆ.

ಏರಿಕೆಯೇ ಬೇಡ ಎಂದು ಪರಿಷತ್ತು ಠರಾವು ಮಾಡಿದರೆ ಆಗದೇ ಎಂದು ಓಣಿಯ ತರುಣ ಕೇಳಿದ್ದ. ಕಾನೂನಿನಲ್ಲಿ ಶೇ. 3 ಎಂಬ ಕೆಳಗಿನ ಗೆರೆ ಇದೆ. ಅದರ ಕೆಳಗೆ ಇಳಿಯುವ ಅಧಿಕಾರ ಪರಿಷತ್ತಿಗೆ ಇಲ್ಲ. ಜೊತೆಗೆ 2025-26ರ ತನಕದ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿದ ಷರತ್ತು ಬೇರೆ ಇತ್ತು: ಆಸ್ತಿ ತೆರಿಗೆಯ ಕನಿಷ್ಠ ದರವನ್ನು ರಾಜ್ಯ ಅಧಿಸೂಚಿಸಿರಬೇಕು, ವಸೂಲಿಯ ಬೆಳವಣಿಗೆ ಹಿಂದಿನ ಐದು ವರ್ಷಗಳಲ್ಲಿ ರಾಜ್ಯದ ಒಟ್ಟು ಉತ್ಪನ್ನ ಬೆಳೆದ ಸರಾಸರಿ ದರಕ್ಕಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಅನುದಾನಕ್ಕೆ ಕತ್ತರಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಆಯೋಗ ಬೆಳೆಯಬೇಕು ಎಂದದ್ದು ವಸೂಲಿ. ದರ ಏರಿಸಿಯೂ ವಸೂಲಿ ಬೆಳೆಸಬಹುದು, ತುಂಬದವರಿಂದ ತುಂಬಿಸಿಯೂ ಬೆಳೆಸಬಹುದು. ನಮ್ಮ ಆಕ್ಷೇಪಣೆಗೆ ಜಾಗ ಇರುವುದು ಇಲ್ಲಿ. 2023ರಲ್ಲಿ ಈ ತೆರಿಗೆ ಪರಿಷ್ಕರಣೆಯ ಕಡತದ ಸುತ್ತ ಪಾಲಿಕೆಯಲ್ಲಿ ಎಂಥ ಜಗಳ ಎದ್ದಿತೆಂಬುದು ಪತ್ರಿಕೆ ಓದುವವರಿಗೆಲ್ಲ ನೆನಪಿದೆ. ಕಡತ ಎಲ್ಲಿ ಹೋಯಿತು, ಯಾರು ಸಹಿ ಮಾಡಿದರು ಎಂದು ವಾರಗಟ್ಟಲೆ ಮಾತಾಯಿತು. ಯಾರು ತುಂಬುತ್ತಿಲ್ಲ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಆ ಪ್ರಶ್ನೆ ನನ್ನ ಮನೆಗೇ ಬಂತು.

ಮನವಿಯ ಕರಡು ಬರೆಯುತ್ತ ಕೂತಿದ್ದಾಗ ಹಿಂದಿನ ಓಣಿಯ ನೇಕಾರ ಹೆಣ್ಣುಮಗಳೊಬ್ಬಳು ಬಂದಳು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಅಂಕಣದಲ್ಲಿ ಎರಡು ಪಾವರ್‌ಲೂಮ್ ನಡೆಸಿ ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ. "ಕಾಕಾ, ಘರಪಟ್ಟಿ ಫಾರ್ಮ್ ನಾನ ತುಂಬಬೇಕಂತ. ವಾಸ ಅಂತ ಬರೀಲೋ, ವಾಸ ಅಲ್ಲದ್ದು ಅಂತ ಬರೀಲೋ ತಿಳೀವಲ್ದು. ನಿಮ್ಮ ಫಾರ್ಮ್ ಒಮ್ಮೆ ಕೊಡ್ರಿ, ಅದನ್ನ ನೋಡಿ ಹಂಗ ತುಂಬತೀನಿ" ಎಂದಳು.

ಕಪಾಟಿನಿಂದ ಫೈಲು ತೆಗೆದೆ. ತೆಗೆದವನು ಹಾಗೇ ನಿಂತೆ. ನನ್ನ ಮನೆಗೆ ಮೇಲಂತಸ್ತು ಹಾಕಿಸಿ ಹನ್ನೆರಡು ವರ್ಷ ದಾಟಿದೆ. ಎರಡು ಖೋಲಿ, ಒಂದು ಅಡುಗೆಮನೆ, ಬಾಡಿಗೆಗೆ ಕೊಟ್ಟಿದ್ದೇನೆ. ಫಾರ್ಮಿನಲ್ಲಿ ಮಾತ್ರ ಇಂದಿಗೂ ನೆಲಮಹಡಿ ಒಂದೇ, ಸ್ವಂತ ವಾಸ ಒಂದೇ. ಮೊದಲ ವರ್ಷ ಕಟ್ಟಡ ಪೂರ್ತಿಯಾಗಲಿ ಎಂದು ಬಿಟ್ಟಿದ್ದೆ. ಎರಡನೆಯ ವರ್ಷ ಹಿಂದಿನದನ್ನೇ ನಕಲು ಮಾಡಿದೆ. ಆಮೇಲೆ ನಕಲೇ ರೂಢಿಯಾಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರಕಾರಿ ಕೆಲಸದಲ್ಲಿ ಗುತ್ತಿಗೆದಾರರ ಅಳತೆ ಪುಸ್ತಕ ತಿದ್ದಿದವನು ನಾನು. ಅರ್ಧ ಗೇಣು ಕಾಂಕ್ರೀಟು ಕಡಿಮೆ ಬಿದ್ದರೆ ಬಿಲ್ ಹಿಡಿದಿಟ್ಟವನು. ನನ್ನ ಮನೆಯ ಅಳತೆ ಪುಸ್ತಕದಲ್ಲಿ ಒಂದು ಅಂತಸ್ತೇ ಇರಲಿಲ್ಲ.

ಆ ಹೆಣ್ಣುಮಗಳಿಗೆ ಫಾರ್ಮ್ ತೋರಿಸಲಿಲ್ಲ. ಎರಡು ದಿನ ಬಿಟ್ಟು ಬಾ ತಂಗಿ ಎಂದು ಕಳಿಸಿದೆ. ಮರುದಿನ ಟೇಪು ಹಿಡಿದು ಮೇಲೆ ಹೋದೆ. ಬಾಡಿಗೆಗಿರುವ ಹುಡುಗ ಟೇಪಿನ ಇನ್ನೊಂದು ತುದಿ ಹಿಡಿದ. ಲೆಕ್ಕ ಮಾಡಿ ನೋಡಿದರೆ ವರ್ಷಕ್ಕೆ ಸರಾಸರಿ 1,400 ರೂಪಾಯಿಯಂತೆ ಹನ್ನೆರಡು ವರ್ಷದ ಅಸಲು 16,800. ತಡವಾದುದಕ್ಕೆ ತಿಂಗಳಿಗೆ ಶೇ. 2ರಂತೆ ದಂಡ ಸುಮಾರು 26,000. ಅಸಲಿಗಿಂತ ದಂಡ ಹೆಚ್ಚು. ನಿವೃತ್ತಿ ವೇತನ ಬರುವವನು, ತುಂಬಿದೆ. ಹೆಂಡತಿ "ಯಾರೂ ಕೇಳಿದ್ದಿಲ್ಲ, ನೀವ ಹೋಗಿ ಕೊಟ್ಟು ಬಂದ್ರಿ" ಎಂದಳು. ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ.

ಇದನ್ನು ದೊಡ್ಡ ತ್ಯಾಗವೆಂದು ಬರೆಯುತ್ತಿಲ್ಲ, ಬಾಕಿ ಇದ್ದದ್ದು ಬಾಕಿಯೇ. ಬರೆಯಲು ಕಾರಣ ಬೇರೆ. ನಮ್ಮ ಓಣಿಯಲ್ಲಿ ನಾನೊಬ್ಬನೇ ಇಂಥವನಾಗಿದ್ದರೆ ಸುಮ್ಮನಿರಬಹುದಿತ್ತು. ಸಹಿಗೆ ನಿಂತಿದ್ದ ಹನ್ನೆರಡು ಜನರಲ್ಲಿ ಐವರ ಮನೆಯ ಮೇಲಂತಸ್ತು ನಾನು ಕಣ್ಣಾರೆ ನೋಡಿದ್ದು, ಹೊಸದು. ಸ್ವಯಂ ಘೋಷಣೆ ಎಂಬ ಪದ್ಧತಿ ನಮ್ಮ ಮಾತಿನ ಮೇಲೆ ನಿಂತದ್ದು. ಮಾತು ತಪ್ಪಿದ ಮನೆಗಳ ಪಾಲು ಯಾರ ಮೇಲೆ ಬೀಳುತ್ತದೆ? ಅಳತೆ ಸರಿಯಾಗಿ ಬರೆದ ಮನೆಗಳ ಮೇಲೆ, ದರ ಏರಿಕೆಯ ರೂಪದಲ್ಲಿ. ಎರಡು ಮಗ್ಗದ ಆ ಹೆಣ್ಣುಮಗಳು ಮುಂದಿನ ಅಂಕಣವನ್ನು ಪ್ರಾಮಾಣಿಕವಾಗಿ ವಾಸೇತರ ಎಂದು ಬರೆದರೆ ಅವಳ ತೆರಿಗೆ ಏರುತ್ತದೆ. ನನ್ನ ಮೇಲಂತಸ್ತಿನ ಬಾಡಿಗೆ ಬಚ್ಚಿಟ್ಟರೆ ನನ್ನದು ಏರುವುದಿಲ್ಲ.

ಇನ್ನು ನಮ್ಮ ಮಠಗಳ ಮಾತು. ಈ ಪತ್ರಿಕೆ ಮಠಗಳ ಮೂಲಕವೇ ನಿಮ್ಮ ಕೈಗೆ ಬರುತ್ತದೆ, ಆದ್ದರಿಂದ ಇಲ್ಲಿಯೇ ಹೇಳಬೇಕು. ಪೂಜೆ, ಪ್ರಾರ್ಥನೆಗೆಂದು ಮೀಸಲಾಗಿ ಅದಕ್ಕೇ ಬಳಕೆಯಾಗುವ ಸ್ಥಳಕ್ಕೆ ಕಾನೂನು ತೆರಿಗೆ ವಿನಾಯಿತಿ ಕೊಟ್ಟಿದೆ. ಅದು ಯೋಗ್ಯವಾದದ್ದೇ. ಬೆಳಗಾವಿಯ ಶಿವಬಸವ ನಗರದಲ್ಲಿ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ನಾಡಿನ ಎಷ್ಟೋ ಕಚೇರಿ, ಶಾಲೆಗಳಲ್ಲಿ ಇದ್ದಾರೆ. ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಡುವ ದಾಸೋಹದ ಜಾಗಕ್ಕೆ ಪಟ್ಟಿ ಹಾಕಿ ಎಂದು ಯಾರೂ ಹೇಳುವುದಿಲ್ಲ. ಆದರೆ ಮಠದ ಮುಂದಿನ ಸಾಲು ಅಂಗಡಿಗಳು? ಲಗ್ನದ ಹಂಗಾಮಿನಲ್ಲಿ ದಿನಕ್ಕೊಂದು ಬಾಡಿಗೆ ಹೋಗುವ ಕಲ್ಯಾಣ ಮಂಟಪ? ಮೊಬೈಲ್ ಅಂಗಡಿ, ಬೇಕರಿ, ಕೋಚಿಂಗ್ ಕ್ಲಾಸು? ಅಲ್ಲಿ ನಡೆಯುವುದು ವ್ಯಾಪಾರ. ಬಾಡಿಗೆ ಬರುವ ಕಟ್ಟಡಕ್ಕೆ ಪೂಜಾಸ್ಥಳದ ವಿನಾಯಿತಿ ಹೊದಿಸುವುದು ನಮಗೆ ಒಪ್ಪುವ ಮಾತಲ್ಲ.

ನಾನು ಸದಸ್ಯನಾಗಿರುವ ಒಂದು ಮಠದ ಸಮಿತಿಯಲ್ಲಿ ಈ ವಿಷಯ ಎತ್ತಿದೆ. ಖಜಾಂಚಿಗಳು ಹಿರಿಯರು, ಪ್ರಾಮಾಣಿಕರು, ಒಂದು ರೂಪಾಯಿ ಆಚೆ ಈಚೆ ಆಗಗೊಡದವರು. "ಇಡೀ ಆಸ್ತಿ ಒಂದೇ ನಂಬರಿನಾಗ ಐತಿ, ಮಠ ಅಂತ ಮಾಫಿ ಐತಿ, ಮೊದಲಿನಿಂದ ಹಿಂಗ ನಡಕೊಂಡು ಬಂದೈತಿ" ಎಂದರು. ನನ್ನ ಫೈಲಿನಲ್ಲಿ ನಾನೂ ಹನ್ನೆರಡು ವರ್ಷ ಹೀಗೇ ನಡೆದುಕೊಂಡು ಬಂದದ್ದು ನೆನಪಾಯಿತು. ಇನ್ನೊಬ್ಬರು ಸಿಟ್ಟಾಗಿ, ಬೇರೆ ಧರ್ಮದವರ ಸಂಸ್ಥೆಗಳು ಎಷ್ಟು ತುಂಬುತ್ತವೆ ಮೊದಲು ಅದನ್ನು ಕೇಳಿ ಎಂದರು. ಈ ವಾದ ನಾನು ಸರಕಾರಿ ನೌಕರಿಯಲ್ಲಿ ಕೇಳಿ ಕೇಳಿ ಸಾಕಾದದ್ದು. ಪ್ರತಿಯೊಬ್ಬ ಗುತ್ತಿಗೆದಾರನೂ ಇನ್ನೊಬ್ಬ ಗುತ್ತಿಗೆದಾರನ ಕೆಲಸ ತೋರಿಸುತ್ತಿದ್ದ. ವಿಷಯ ಅಪ್ಪಗಳ ತನಕ ಹೋಯಿತು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ "ಅಂಗಡಿ ಎಷ್ಟು ಅದಾವು, ಅಳತಿ ತಗೋರಿ. ಆಮೇಲೆ ಮಾತಾಡೂಣು" ಎಂದರು.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಎಂಬುದನ್ನು ನಾವು ಜಯಂತಿಯ ಭಾಷಣಗಳಲ್ಲಿ ಹೇಳುತ್ತೇವೆ. ಭಂಡಾರದ ಹಣ ಪೋಲಾಗಿದೆ ಎಂದು ಅರಸನ ಕಿವಿಗೆ ದೂರು ಹೋದಾಗ ಲೆಕ್ಕ ಎಣಿಸಿ ತೋರಿಸಿದರು, ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂದು ನಮ್ಮ ಪುರಾಣ ಕಾವ್ಯಗಳು ಹೇಳುತ್ತವೆ. ಆ ಪ್ರಸಂಗದ ಪವಾಡದ ಭಾಗವನ್ನೇ ನಾವು ಹೆಚ್ಚು ಹೇಳಿಕೊಂಡು ಬಂದಿದ್ದೇವೆ. ಊರಿನ ಹಣಕ್ಕೆ ಲೆಕ್ಕ ಒಪ್ಪಿಸುವುದು ಅವರ ಕಾಯಕವಾಗಿತ್ತು ಎಂಬುದು ಹಿಂದೆ ಉಳಿದಿದೆ.

ನಾವು ಲೆಕ್ಕ ಒಪ್ಪಿಸಿದ ಮೇಲೆ ಪಾಲಿಕೆಯಿಂದ ಲೆಕ್ಕ ಕೇಳುವ ಹಕ್ಕು ನಮಗೆ ಬರುತ್ತದೆ. ಕೇಳಬೇಕಾದದ್ದು ಬೇಕಾದಷ್ಟಿದೆ. ಶಹಾಪುರದ ಬ್ಯಾಂಕ್ ಆಫ್ ಇಂಡಿಯಾದಿಂದ ಹಳೆಯ ಪಿ.ಬಿ. ರಸ್ತೆಯ ತನಕ ಆದ ರಸ್ತೆಯ ಕಥೆ ನಮ್ಮ ಮನೆಗಳಿಂದ ಕೂಗಳತೆಯಲ್ಲಿ ನಡೆದದ್ದು. ಭೂಸ್ವಾಧೀನ ಸರಿಯಾಗಿ ಆಗದೆ ಖಾಸಗಿ ಜಾಗದಲ್ಲಿ ರಸ್ತೆ ಹೋಯಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 2024ರಲ್ಲಿ ಸುಮಾರು 20 ಕೋಟಿ ರೂಪಾಯಿ ಪರಿಹಾರದ ಪ್ರಶ್ನೆ ಪಾಲಿಕೆಯ ತಲೆಯ ಮೇಲೆ ಬಂತು, ಕಡೆಗೆ ಜಾಗವನ್ನೇ ಮರಳಿಸುವ ಮಾತಾಯಿತು. 4,030 ರೂಪಾಯಿ ತುಂಬುವ ಮನೆಗಳ ಲೆಕ್ಕದಲ್ಲಿ 20 ಕೋಟಿ ಎಂದರೆ ಸುಮಾರು 50,000 ಮನೆಗಳ ಒಂದು ವರ್ಷದ ಪಟ್ಟಿ. ಜಾಗ ಕೈಗೆ ಬಂದ ಕಾಗದ ನೋಡದೆ ಅಂದಾಜು ಪಟ್ಟಿಗೆ ಸಹಿ ಮಾಡಬಾರದು ಎಂಬುದು ನನ್ನಂಥ ಎಂಜಿನಿಯರಿಗೆ ನೌಕರಿಯ ಮೊದಲ ವರ್ಷದಲ್ಲೇ ಹಿರಿಯರು ಕಲಿಸಿದ ಪಾಠ.

ಬಳ್ಳಾರಿ ನಾಲೆಯದು ಇನ್ನೊಂದು. ವಡಗಾಂವಿ, ಶಹಾಪುರದ ಹೊಲಗಳ ಅಂಚಿನಲ್ಲಿ ಹರಿಯುವ ಈ ನಾಲೆ ಮಳೆಗಾಲದಲ್ಲಿ ಉಕ್ಕಿದರೆ ಭತ್ತದ ಗದ್ದೆಗಳು ವಾರಗಟ್ಟಲೆ ನೀರಿನಲ್ಲಿ. 2019ರ ಆಗಸ್ಟ್‌ನಲ್ಲಿ ಏನಾಯಿತೆಂದು ಯಾರೂ ಮರೆತಿಲ್ಲ. ಮೊದಲ ಪಟ್ಟಿಯಲ್ಲೇ, 2016ರಲ್ಲಿ, ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಊರು ನಮ್ಮದು. ಫುಟ್‌ಪಾತು, ದೀಪದ ಕಂಬಗಳು ಬಂದವು. ಹೂಳು ತೆಗೆಯುವ ಕೆಲಸ ಕಣ್ಣಿಗೆ ಅಂದವಾಗಿ ಕಾಣುವಂಥದ್ದಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ. ಅದಕ್ಕೆ ಹಣ ಬರಬೇಕಾದದ್ದು ನಮ್ಮ ಮನೆಪಟ್ಟಿಯಿಂದಲೇ.

ದಂಡದ ದರಕ್ಕೂ ಆಕ್ಷೇಪಣೆ ಬರೆದಿದ್ದೇನೆ. ವರ್ಷದ ಮೊದಲ ತಿಂಗಳಲ್ಲಿ ತುಂಬಿದವರಿಗೆ ಶೇ. 5 ರಿಯಾಯಿತಿ. ತಡ ಮಾಡಿದವರಿಗೆ ವರ್ಷಕ್ಕೆ ಶೇ. 24 ದಂಡ. ಈ ದಂಡಕ್ಕೆ ಹೆದರಿ ತಪ್ಪು ತಿದ್ದಿಕೊಳ್ಳಬೇಕೆಂದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ತುಂಬಿದೆ, ಎಲ್ಲರಿಗೂ ನಿವೃತ್ತಿ ವೇತನ ಬರುವುದಿಲ್ಲ. ತಾವಾಗಿಯೇ ಬಂದು ಅಳತೆ ತಿದ್ದುವವರಿಗೆ ಒಂದು ಸಲ ದಂಡ ಮಾಫಿ ಮಾಡಿದರೆ, ಶೇ. 3ಕ್ಕಿಂತ ಮೇಲೆ ಏರಿಸದೆಯೂ ವಸೂಲಿ ಬೆಳೆಯುತ್ತದೆ ಎಂಬುದು ನನ್ನ ಅಂದಾಜು. ಇದು ಸರಕಾರದ ಮಟ್ಟದಲ್ಲಿ ಆಗಬೇಕಾದದ್ದು. ಪರಿಷತ್ತು ಠರಾವು ಮಾಡಿ ಕಳಿಸಬಹುದು.

ಮಗ್ಗವಿರುವ ಮನೆಗಳ ಬಗ್ಗೆ ಬೇರೆ ಪುಟ. ಖಾಸಬಾಗ, ವಡಗಾಂವಿ, ಶಹಾಪುರದ ನೇಕಾರರ ಮನೆಯಲ್ಲಿ ಮುಂದೆ ಮಗ್ಗ, ಹಿಂದೆ ಒಲೆ. ಅದನ್ನು ಮುಖ್ಯ ರಸ್ತೆಯ ಶೋರೂಮಿನ ಜೊತೆ ಒಂದೇ ಕಾಲಮ್ಮಿನಲ್ಲಿ ಕೂಡಿಸುವುದು ಅನ್ಯಾಯ. ಕಾನೂನು ದರಕ್ಕೆ ಅಂತರ ಬಿಟ್ಟಿರುವುದು ಇಂಥ ಭೇದ ಮಾಡಲಿ ಎಂದೇ. ಮನೆಯವರೇ ನಡೆಸುವ ಮಗ್ಗಗಳಿಗೆ ಅತಿ ಕೆಳಗಿನ ದರ ಇಡಬೇಕೆಂದು ಕೇಳಿದ್ದೇನೆ. ಬಾಂಡ್ ಪೇಪರ್ ಮೇಲೆ ಗುಂಟೆ, ಅರ್ಧ ಗುಂಟೆ ಕೊಂಡು ಮನೆ ಕಟ್ಟಿಕೊಂಡವರ ಸಂಕಟ ಇನ್ನೂ ದೊಡ್ಡದು. 2025ರಲ್ಲಿ ಸರಕಾರ ಅನಧಿಕೃತ ಬಡಾವಣೆಗಳಿಗೆ ಬಿ ಖಾತಾ ಕೊಡಲು ಮುಂದಾಯಿತು, ಮೊದಲ ಸಲ ಎರಡು ಪಟ್ಟು ತೆರಿಗೆ, ಆಮೇಲೆ ಒಂದು ಪಟ್ಟು ಎಂದು. ನೋಂದಣಿಯಾದ ಖರೀದಿ ಪತ್ರ ಇಲ್ಲದವರಿಗೆ ಆ ಬಾಗಿಲೂ ತೆರೆಯಲಿಲ್ಲ. ತೆರಿಗೆ ತುಂಬುತ್ತೇವೆ, ನಮ್ಮ ಹೆಸರು ಬರೆದುಕೊಳ್ಳಿ ಎಂದು ಅವರು ಕೇಳುತ್ತಾರೆ. ಇತ್ತ ಹೆಸರು, ಉತಾರ ಎಲ್ಲ ಇದ್ದವರು ಅಂತಸ್ತು ಮುಚ್ಚಿಡುತ್ತೇವೆ.

ಖಾನಾಪುರ ಕಡೆಯ ಓದುಗರು ಇದು ಬೆಳಗಾವಿಯವರ ತಾಪತ್ರಯ ಎಂದು ಪುಟ ಮಗುಚುವುದು ಬೇಡ. ಪಟ್ಟಣ ಪಂಚಾಯತಿಗಳಿಗೆ ಅನ್ವಯಿಸುವುದು 1964ರ ಪೌರಸಭೆಗಳ ಕಾನೂನು. ಅದಕ್ಕೂ ಇದೇ ತಿದ್ದುಪಡಿ ಆಗಿದೆ, ಅದೇ ಶೇ. 3ರಿಂದ 5. ಅಲ್ಲಿರುವ ನಮ್ಮ ಹಿರಿಯರ ಹಂಚಿನ ಮನೆಗೆ ನನ್ನ ತಮ್ಮ ಪಟ್ಟಿ ತುಂಬುತ್ತಾನೆ. ಮಳೆಗೆ ಒಂದು ಗೋಡೆ ಬಿದ್ದು ಮೂರು ವರ್ಷವಾಗಿದೆ, ಫಾರ್ಮಿನಲ್ಲಿ ಗೋಡೆ ಇನ್ನೂ ನಿಂತಿದೆ. ನಾನು ಕಡಿಮೆ ಬರೆದೆ, ಅವನು ಹೆಚ್ಚು ತುಂಬಿದ. ಇಬ್ಬರೂ ಹಳೆಯದನ್ನೇ ನಕಲು ಮಾಡಿದವರು.

ಪಾಲಿಕೆಯ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪೂರ್ವಭಾವಿ ಸಭೆ ಕರೆಯುವ ರೂಢಿ ಇದೆ. ಅಂಥ ಸಭೆಯಲ್ಲಿ ನಾವು ಕೇಳುವುದು ಬೀದಿ ದೀಪ, ಗಟಾರು, ನಾಯಿ ಕಾಟ. ಕೇಳಲೇಬೇಕು. ಜೊತೆಗೆ ಕೇಳಿ: ನಮ್ಮ ವಾರ್ಡಿನಲ್ಲಿ ಒಟ್ಟು ಆಸ್ತಿ ಎಷ್ಟು, ಫಾರ್ಮ್ ತುಂಬಿದವರು ಎಷ್ಟು, ವಾಣಿಜ್ಯವೆಂದು ದಾಖಲಾದದ್ದು ಎಷ್ಟು, ವಿನಾಯಿತಿ ಪಡೆದ ಕಟ್ಟಡಗಳು ಯಾವುವು. ಈ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲು ಖರ್ಚು ಏನೂ ಇಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಕ್ಕೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನವೇ ಹೇಳಿದೆ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4,88,157. ಅಂಥ ಸಮಿತಿಗೆ ಅರ್ಜಿ ಕರೆದಾಗ ಶರಣ ಬಂಧುಗಳು, ವಿಶೇಷವಾಗಿ ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಅಕ್ಕನ ಬಳಗದ ತಾಯಂದಿರು ಅರ್ಜಿ ಹಾಕಬೇಕು. ಲೆಕ್ಕ ಓದಲು ಬರುವವರು ಅಲ್ಲಿ ಕೂರಬೇಕು.

ಓಣಿಯವರ ಮನವಿ ಈಗ ನಾಲ್ಕು ಪುಟವಾಗಿದೆ. ಕನ್ನಡದಲ್ಲಿ ಬರೆದು, ಮರಾಠಿ ಮಾತಾಡುವ ನೆರೆಯವರಿಗೆ ಓದಿ ಹೇಳಿದ್ದೇನೆ. ಅವರೂ ಸಹಿ ಮಾಡಿದ್ದಾರೆ, ಒಬ್ಬರು ದಂಡದ ಲೆಕ್ಕದಲ್ಲಿ ನನ್ನ ಒಂದು ತಪ್ಪನ್ನೂ ತಿದ್ದಿದರು. ಹನ್ನೆರಡರಲ್ಲಿ ಮೂವರು ಮಾತ್ರ ಸಹಿ ಹಾಕದೆ ಕಾಗದ ಮರಳಿಸಿದರು. ಅಂತಸ್ತಿನ ಮಾತು ಯಾಕೆ ಬರೆದಿರಿ, ನಮ್ಮ ಕೈಯಿಂದ ನಮ್ಮ ಕಾಲ ಮೇಲೆ ಕಲ್ಲು ಹಾಕಿದ ಹಾಗಾಯಿತು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ತಿಂಗಳ ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ.

ಆ ನೇಕಾರ ಹೆಣ್ಣುಮಗಳು ಮೊನ್ನೆ ಮತ್ತೆ ಬಂದಿದ್ದಳು. ತಿದ್ದಿದ ಫಾರ್ಮ್ ಕೊಟ್ಟೆ. ಓದಿ, "ಮ್ಯಾಲಿನ ಮಾಳಿಗಿ ಈಗ ಬರದೀರಿ ಏನ ಕಾಕಾ?" ಎಂದಳು. ಹೂಂ ಎಂದೆ. ಅವಳ ಮುಂದಿನ ಅಂಕಣ ಅಳೆದು ಕೊಟ್ಟೆ, ಹದಿನಾಲ್ಕು ಫೂಟು, ಹತ್ತು ಫೂಟು. ವಾಸೇತರ ಎಂದು ಬರೆಯಬೇಕೋ ಬೇಡವೋ ಎಂಬುದು ಆಕ್ಷೇಪಣೆಯ ಉತ್ತರ ಬರುವ ತನಕ ಪೆನ್ಸಿಲಿನಲ್ಲೇ ಇದೆ.

ಮಠದ ಅಂಗಡಿಗಳ ಅಳತೆ ಬರುವ ರವಿವಾರ ಮುಂಜಾನೆ. ಟೇಪು ನನ್ನದು, ಇನ್ನೊಂದು ತುದಿ ಹಿಡಿಯಲು ಖಜಾಂಚಿಗಳೇ ಬರುತ್ತೇನೆ ಎಂದಿದ್ದಾರೆ.